ಅಮಲ್ದಾರನ ಎಲೆ

ನಮ್ಮ ಊರಿನಲ್ಲಿ ಹಬ್ಬವನ್ನು ಆರಂಭಿಸುವವರು ಮನುಷ್ಯರು, ಮುಗಿಸುವುದು ಗಿಣಿ. ಪಂಕ್ತಿಯ ಮೊದಲ ಎಲೆ ಮನೆಯ ಗಿಣಿಗೆ ಮೀಸಲು. ಬಾಳೆಯ ಕುಡಿಯನ್ನು ಅಂಗೈಯಷ್ಟು ಕತ್ತರಿಸಿ, ನೀರು ಚಿಮುಕಿಸಿ, ಉಪ್ಪಿನಿಂದ ಹಿಡಿದು ಒಬ್ಬಟ್ಟಿನವರೆಗೆ ಪ್ರತಿಯೊಂದನ್ನೂ ಕ್ರಮವಾಗಿ ಬಡಿಸಿ, ಆಮೇಲೆ ಪಂಜರದ ಬಾಗಿಲು ತೆಗೆಯುತ್ತಾರೆ. ಗಿಣಿ ಹೊರಬಂದು, ಎಲೆಯನ್ನು ಒಂದು ಸುತ್ತು ಹಾಕಿ, ತನಗಿಷ್ಟವಾದ ಯಾವುದಾದರೂ ಒಂದನ್ನು ಕೊಕ್ಕಿನಿಂದ ಎತ್ತಿ ನುಂಗಿದರೆ ಹಬ್ಬ ಮುಗಿದಂತೆ. ನುಂಗದಿದ್ದರೆ ಮುಗಿಯುವುದಿಲ್ಲ. ಅನ್ನ ಆರುವ ತನಕ ಕಾದು ಉಳಿದವರು ಊಟ ಮಾಡಿ ಏಳಬಹುದು. ಆದರೆ ಮರುದಿನವೂ ಆ ಮನೆಗೆ ಅದೇ ಹಬ್ಬ, ಅದೇ ಎಣ್ಣೆಸ್ನಾನ, ಅದೇ ಅಡುಗೆ, ಅದೇ ಜನ. ಯಾರಿಗೆ ಎಲೆ ಹಾಕಿದ್ದಾರೋ ಅವರು ಹಬ್ಬ ಮುಗಿಯದೆ ಮನೆಯಿಂದ ಹೊರಗೆ ಹೋಗಲಾಗುವುದಿಲ್ಲ. ಯಾರೂ ತಡೆಯುವುದಿಲ್ಲ, ಬಾಗಿಲಿಗೆ ಅಗುಳಿ ಹಾಕುವುದೂ ಇಲ್ಲ. ಮುಂಬಾಗಿಲ ಹೊಸ್ತಿಲು ದಾಟಿ ಬೀದಿಗೆ ಕಾಲಿಟ್ಟವರು ಹಿತ್ತಿಲ ಬಾಗಿಲಿನಿಂದ ಅಡುಗೆಮನೆಯೊಳಕ್ಕೆ ಬಂದಿರುತ್ತಾರೆ, ಅಷ್ಟೆ. ನಾನು ರಸಾಯನಶಾಸ್ತ್ರದಲ್ಲಿ ಪದವಿ ಪಡೆದವಳು. ನಮ್ಮ ಪಠ್ಯಕ್ರಮದಲ್ಲಿ ಇದಕ್ಕೆ ಅಧ್ಯಾಯವಿರಲಿಲ್ಲ. ಅಂಥದೊಂದು ಅಧ್ಯಾಯ ಬೇಕೆಂದು ಊರಿನಲ್ಲಿ ಯಾರಿಗೂ ಅನಿಸಿರಲಿಲ್ಲ.

ಊರು ಇದಕ್ಕೆ ಎಂದೋ ಒಗ್ಗಿಕೊಂಡಿದೆ. ನಮ್ಮ ಶಾಲೆಗಳಲ್ಲಿ ಬೇಸಿಗೆ ರಜೆ, ದಸರಾ ರಜೆಗಳ ಜೊತೆಗೆ ಗಿಣಿ ರಜೆ ಎಂಬುದೊಂದು ಇದೆ. ಹೆಣ್ಣು ನೋಡಲು ಬಂದವರು ಹುಡುಗಿಯ ಹಾಡು, ಅಡುಗೆಗಳ ವಿಚಾರಕ್ಕೆ ಮೊದಲು, ಮನೆಯ ಗಿಣಿ ಹೇಗೆ ತಿನ್ನುತ್ತದೆ ಎಂದು ಕೇಳುತ್ತಾರೆ. ಹಬ್ಬ ಮುಗಿಯದ ಮನೆಯ ತೋರಣವನ್ನು ಯಾರೂ ಬಿಚ್ಚುವುದಿಲ್ಲ. ಒಣಗಿದ ಮಾವಿನೆಲೆಯನ್ನು ನೋಡಿದ ತರಕಾರಿಯವಳು ತಾನಾಗಿಯೇ ಕಿಟಕಿಯ ಬಳಿಗೆ ಬಂದು, ಸರಳುಗಳ ನಡುವೆ ಬದನೆಕಾಯಿಗಳನ್ನು ಒಂದೊಂದಾಗಿ ತೂರಿಸುತ್ತಾಳೆ. ಹಬ್ಬದ ಮರುದಿನ ಬೀದಿಯಲ್ಲಿ ಎದುರಾದವರು ಕ್ಷೇಮವನ್ನು ವಿಚಾರಿಸುವುದಿಲ್ಲ, "ತಿಂತಾ?" ಎನ್ನುತ್ತಾರೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎಂದೂ ಎದ್ದಿರಲಿಲ್ಲ. ನಮ್ಮ ಗಿಣಿಗೆ ಅಮಲ್ದಾರ ಎಂದು ಹೆಸರಿಟ್ಟವರು ನನ್ನ ತಾತ. ಹಳ್ಳಿಗೆ ತನಿಖೆಗೆಂದು ಬಂದ ಅಧಿಕಾರಿಯ ಹಾಗೆ ಅದು ಕತ್ತನ್ನು ಓರೆ ಮಾಡಿ ಎಲ್ಲವನ್ನೂ ಪರಿಶೀಲಿಸುತ್ತಿತ್ತು. ಪರಿಶೀಲಿಸಿದ್ದನ್ನೆಲ್ಲ ತಿನ್ನುತ್ತಲೂ ಇತ್ತು. ಹಬ್ಬದ ಎಲೆ ಹಾಕಿದರೆ ಬಡಿಸುವವರ ಕೈ ಹಿಂದಕ್ಕೆ ಹೋಗುವ ಮೊದಲೇ ಒಬ್ಬಟ್ಟಿನ ಅಂಚು ಮಾಯವಾಗುತ್ತಿತ್ತು. ಅಕ್ಕಪಕ್ಕದ ಮನೆಯವರು ತಮ್ಮ ಗಿಣಿಗಳನ್ನು ತಂದು, ನೋಡಿ ಕಲಿಯಲಿ ಎಂದು ಅದರ ಎದುರಿಗೆ ಕೂರಿಸುತ್ತಿದ್ದುದೂ ಉಂಟು.

ಆ ವರ್ಷದ ಯುಗಾದಿ ಬಂದಾಗ ನಮ್ಮ ಮನೆಯಲ್ಲಿ ಒಂದು ಗೋಡೆ ಏಳುವುದು ನಿಶ್ಚಯವಾಗಿತ್ತು. ಅಪ್ಪ ಗುರುಮಲ್ಲಪ್ಪ, ಚಿಕ್ಕಪ್ಪ ರೇವಣ್ಣ, ಇಬ್ಬರೂ ಮಾತು ಬಿಟ್ಟು ಮೂರು ವರ್ಷಗಳಾಗಿದ್ದವು. ಕಾರಣ ಪತ್ರಿಕೆಯಲ್ಲಿ ಬರುವ ಪದಬಂಧ. ಬೆಳಿಗ್ಗೆ ಪತ್ರಿಕೆ ಮೊದಲು ಅಪ್ಪನ ಕೈಗೆ ಸಿಗುತ್ತಿತ್ತು. ಅಪ್ಪ ಪದಬಂಧವನ್ನು ಶಾಯಿ ಪೆನ್ನಿನಲ್ಲಿ, ದೊಡ್ಡ ಅಕ್ಷರಗಳಲ್ಲಿ, ಅರ್ಧಕ್ಕರ್ಧ ತಪ್ಪಾಗಿ ತುಂಬುತ್ತಿದ್ದರು. ತಪ್ಪು ಉತ್ತರಗಳನ್ನು ತುಂಬಿದ ಮೇಲೆ ಸರಿಯಾದವುಗಳಿಗೆ ಜಾಗವಿರುವುದಿಲ್ಲ ಎಂದು ಚಿಕ್ಕಪ್ಪ ಒಂದು ದಿನ ಹೇಳಿದರು. ಪೆನ್ಸಿಲಿನಲ್ಲಿ ಬರೆಯುವುದು ತನ್ನ ಮೇಲೆ ನಂಬಿಕೆಯಿಲ್ಲದವರ ಲಕ್ಷಣ ಎಂದು ಅಪ್ಪ ಉತ್ತರಿಸಿದರು. ಅಂದಿನಿಂದ ಇಬ್ಬರೂ ಒಬ್ಬರ ಪಕ್ಕದಲ್ಲೊಬ್ಬರು ಕುಳಿತೇ ನನ್ನ ಮೂಲಕ ಮಾತನಾಡತೊಡಗಿದರು.

"ಇಂದೂ, ನಿನ್ನ ಚಿಕ್ಕಪ್ಪನಿಗೆ ಹೇಳು, ಕಾಲು ಸ್ವಲ್ಪ ಮಡಚಿಕೊಳ್ಳಲಿ ಅಂತ."

"ಇಂದೂ, ನಿಮ್ಮಪ್ಪನಿಗೆ ಹೇಳು, ಕಾಲು ನನ್ನದು, ನೆಲ ಇಬ್ಬರದೂ ಅಂತ."

"ಇವಳೊಬ್ಬಳು ನಮ್ಮನೆ ಅಂಚೆಪೇದೆ," ಎಂದು ಅಜ್ಜಿ ತಲೆಯಲ್ಲಾಡಿಸುತ್ತಿದ್ದಳು.

ನೆಲ ಇಬ್ಬರದೂ ಎಂಬ ಮಾತು ಬೆಳೆದು ಅಂಗಳದ ನಡುವೆ ಗೋಡೆ ಎಂಬಲ್ಲಿಗೆ ಬಂದು ನಿಂತಿತ್ತು. ಚಿಕ್ಕಪ್ಪ, ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ನನಗೆ ಮೊದಲ ಭೂತಗನ್ನಡಿಯನ್ನು ತಂದುಕೊಟ್ಟು, ಇರುವೆಯ ಕಾಲಿನಲ್ಲಿ ಕೂದಲಿದೆಯೆಂದು ತೋರಿಸಿದವರು ಚಿಕ್ಕಪ್ಪ. ಪರೀಕ್ಷೆಯ ದಿನಗಳಲ್ಲಿ ನನ್ನ ಜಡೆ ಹೆಣೆಯುತ್ತಲೇ ಬಾಯಿಪಾಠ ಒಪ್ಪಿಸಿಕೊಂಡವಳು ಚಿಕ್ಕಮ್ಮ. ನನ್ನನ್ನು ಬೆಳೆಸಿದ ದೊಡ್ಡವರಲ್ಲಿ ಇಬ್ಬರು ಗೋಡೆಯ ಈಚೆಗೆ, ಇಬ್ಬರು ಆಚೆಗೆ. ಅಜ್ಜಿ ಯಾವ ಕಡೆ ಎಂಬುದನ್ನು ಯಾರೂ ಕೇಳುವ ಧೈರ್ಯ ಮಾಡಿರಲಿಲ್ಲ. ಅವಳು ಹೇಳಿದ್ದು ಇಷ್ಟೇ: "ಯುಗಾದಿ ಮುಗೀಲಿ. ಹಬ್ಬ ಇರೋ ಮನೇಲಿ ಗುದ್ದಲಿ ಆಡಿಸಬಾರದು. ಆಮೇಲೆ ಗೋಡೆ ಆದ್ರೂ ಕಟ್ಟಿಕೊಳ್ಳಿ, ಕೋಟೆ ಆದ್ರೂ ಕಟ್ಟಿಕೊಳ್ಳಿ."

ಇಟ್ಟಿಗೆ ಬಂದು ಬೀದಿಯ ಬದಿಯಲ್ಲಿ ಒಟ್ಟಿ ಆಗಿತ್ತು. ಮೇಸ್ತ್ರಿ ಕರಿಬಸಪ್ಪ ಹಬ್ಬದ ದಿನ ಬೆಳಿಗ್ಗೆ, ದಾರ ಹಿಡಿದು ಗುರುತು ಮಾತ್ರ ಹಾಕಿ ಹೋಗುತ್ತೇನೆಂದು, ಮಟ್ಟ ನೋಡುವ ರಸಮಟ್ಟವನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಅಂಗಳದ ಈ ತುದಿಯಿಂದ ಆ ತುದಿಗೆ ದಾರ ಎಳೆಯುವಷ್ಟರಲ್ಲಿ ಅಜ್ಜಿ ಒಳಗಿನಿಂದ ಕೂಗಿದಳು.

"ಹಬ್ಬದ ದಿನ ಬಂದೋನು ಹಾಗೇ ಹೋಗ್ತೀಯೇನಪ್ಪ? ಕೈಕಾಲು ತೊಳ್ಕೊ, ಎಲೆ ಹಾಕಿದೀವಿ."

"ಒಂದೇ ಒಂದು ಒಬ್ಬಟ್ಟು ತಿಂದು ಹೊರಟುಬಿಡ್ತೀನಿ ಅಮ್ಮಾರೆ. ನಮ್ಮನೇಲೂ ಕಾಯ್ತಿರ್ತಾರೆ." ಅಮಲ್ದಾರನ ಹಸಿವು ಊರಿಗೇ ಗೊತ್ತಿದ್ದುದರಿಂದ ಅವನು ನಿಶ್ಚಿಂತನಾಗಿ ಕುಳಿತ.

ಅಮಲ್ದಾರ ಪಂಜರದಿಂದ ಇಳಿಯಿತು. ಉಪ್ಪನ್ನು ನೋಡಿತು, ಕೋಸಂಬರಿಯನ್ನು ನೋಡಿತು, ಮಾವಿನಕಾಯಿ ಚಿತ್ರಾನ್ನವನ್ನು ನೋಡಿತು. ಒಬ್ಬಟ್ಟಿನ ಮೇಲೆ ಹತ್ತಿ ನಿಂತು, ಒಂದು ಕಾಲನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡು, ಕಣ್ಣು ಮುಚ್ಚಿತು. ಅನ್ನ ಆರಿತು. ಸಾರಿನ ಮೇಲೆ ತುಪ್ಪ ಹೆಪ್ಪುಗಟ್ಟಿತು. ಅಮಲ್ದಾರ ನಿದ್ದೆ ಮಾಡಿತು.

ಊಟ ಮುಗಿದ ಮೇಲೂ ಮೇಸ್ತ್ರಿಗೆ ನಂಬಿಕೆ ಬರಲಿಲ್ಲ. ರಸಮಟ್ಟವನ್ನು ಎತ್ತಿಕೊಂಡು, ಎಲ್ಲರಿಗೂ ಕೈಮುಗಿದು, ಮುಂಬಾಗಿಲಿನಿಂದ ಹೊರಗೆ ಹೋದ. ಮರುಕ್ಷಣ ಹಿತ್ತಿಲ ಕರಿಬೇವಿನ ಗಿಡದ ಪಕ್ಕದಿಂದ ಅಡುಗೆಮನೆಗೆ ಬಂದ. ಅಮ್ಮ ಒಲೆಯ ಕಡೆಯಿಂದ ಮುಖ ತಿರುಗಿಸಲೂ ಇಲ್ಲ.

"ಬಂದ್ರಾ ಮೇಸ್ತ್ರಿ? ಕಾಫಿಗೆ ಇಟ್ಟಿದೀನಿ, ಕೂತ್ಕೊಳ್ಳಿ."

ಎರಡನೆಯ ದಿನ ಎಲ್ಲರೂ ನಕ್ಕರು. ಮೂರನೆಯ ದಿನ ಬೇವುಬೆಲ್ಲವನ್ನು ಬಾಯಿಗೆ ಹಾಕಿಕೊಂಡ ಚಿಕ್ಕಮ್ಮ, ವರ್ಷಕ್ಕೊಂದು ಬಾರಿ ತಿನ್ನಬೇಕಾದ ಕಹಿಯನ್ನು ಹೀಗೆ ದಿನವೂ ತಿನ್ನುತ್ತಿದ್ದರೆ ಮುಂದಿನ ವರ್ಷಗಳ ಪಾಲೂ ಮುಗಿದುಹೋಗುತ್ತದೇನೋ ಎಂದು ಶಂಕಿಸಿದಳು. ಹೂರಣ ರುಬ್ಬಿ ರುಬ್ಬಿ ಅಮ್ಮನ ತೋಳು ಬಿದ್ದುಹೋಗಿತ್ತು. ಒಬ್ಬಟ್ಟಿನ ತಟ್ಟೆ ಬಂದರೆ ಜನ ಎಲೆಯ ಮೇಲೆ ಅಡ್ಡಲಾಗಿ ಎರಡೂ ಕೈ ಹಿಡಿಯುತ್ತಿದ್ದರು. ಪ್ರತಿ ಸಂಜೆ ಮೇಸ್ತ್ರಿಯ ಹೆಂಡತಿ ಹೊಳಿಯಮ್ಮ ನಮ್ಮ ಬೀದಿಯ ಕಿಟಕಿಗೆ ಬರುತ್ತಿದ್ದಳು.

"ತಿಂತಾ?"

"ಇಲ್ಲ ಕಣೆ."

"ನಾನಲ್ಲಿ ಎಮ್ಮೆ ಹಿಂದೆ ಮುಂದೆ ಒಬ್ಬಳೇ ಸಾಯ್ತಿದೀನಿ. ನೀನು ದಿನಾ ಒಬ್ಬಟ್ಟು ತಿಂದು ಮಲಗು. ಮೈ ಬಂದಿದೆ ನೋಡು ಆಗಲೇ!"

"ನಾನೇನು ಬೇಕು ಅಂತ ಕೂತಿದೀನೇನೆ?"

"ಯಾರಿಗೆ ಗೊತ್ತು? ಒಳಗೆ ಇನ್ನೊಂದು ಮದುವೆ ಮಾಡ್ಕೊಂಡ್ರೂ ನನಗೆ ತಿಳಿಯೋದು ತೋರಣ ಬಿಚ್ಚಿದ ಮೇಲೇ!" ಎಂದು ಅವಳು ಹೊರಟುಹೋಗುತ್ತಿದ್ದಳು. ಮೇಸ್ತ್ರಿ ಆಮೇಲೆ ಬಹಳ ಹೊತ್ತು ಆ ಸರಳುಗಳನ್ನು ಹಿಡಿದು ನಿಂತಿರುತ್ತಿದ್ದ. ನಮ್ಮ ಮನೆಯ ಜಗಳಕ್ಕೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲವೆಂಬುದು ನನ್ನನ್ನು ಕಾಡತೊಡಗಿದ್ದು ಆಗಲೇ.

ಕಾರಣವನ್ನು ಪತ್ತೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂದಿತು. "ಮೂರು ವರ್ಷ ಗಾಜಿನ ಕೊಳವೆ ಕಾಯಿಸಿ ಬಂದಿದೀಯ. ಒಂದು ಗಿಣಿ ಯಾಕೆ ತಿನ್ನಲ್ಲ ಅಂತ ಹೇಳಕ್ಕೆ ಬರಲ್ವಾ?" ಎಂದು ಅಜ್ಜಿ ಕೇಳಿದಳು. ಅಪ್ಪ ಇನ್ನೂ ಗಟ್ಟಿಯಾಗಿ ಹೇಳಿದರು: "ಹೌದು, ಪತ್ತೆ ಹಚ್ಚಲೇಬೇಕು. ಗೋಡೆ ಕೆಲಸ ನಿಂತುಹೋಗಿದೆ." ಚಿಕ್ಕಪ್ಪನ ದನಿ ಎಲ್ಲರಿಗಿಂತ ಎತ್ತರದಲ್ಲಿತ್ತು: "ಇಂದೂ, ನಿಮ್ಮಪ್ಪನಿಗೆ ಹೇಳು, ಗೋಡೆ ಅವಸರ ಅವರಿಗಿಂತ ನನಗೇ ಜಾಸ್ತಿ ಅಂತ."

ನನಗೆ ಗೋಡೆಯ ಅವಸರ ಎಳ್ಳಷ್ಟೂ ಇರಲಿಲ್ಲ. ಆದರೆ ಉತ್ತರ ತನಗೆ ಹಿತವಾಗಿರುವುದಿಲ್ಲ ಎಂಬ ಕಾರಣಕ್ಕೆ ಪ್ರಶ್ನೆಯನ್ನು ಬಿಟ್ಟುಬಿಡುವುದು ನನ್ನ ಶಿಸ್ತಿಗೆ ವಿರುದ್ಧವಾಗಿತ್ತು. ಅದಲ್ಲದೆ ಕಿಟಕಿಯ ಬಳಿ ಮೇಸ್ತ್ರಿ ನಿಂತಿದ್ದ. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಬೇಕು, ಉಳಿದವೆಲ್ಲ ಹಾಗೆಯೇ ಇರಬೇಕು ಎಂಬುದು ಪ್ರಯೋಗದ ಮೊದಲ ನಿಯಮ. ನಾನು ಪಂಜರವನ್ನು ಪೂರ್ವಕ್ಕೆ ತಿರುಗಿಸಿದೆ, ಅಮಲ್ದಾರ ತಿನ್ನಲಿಲ್ಲ. ಬೆಲ್ಲವನ್ನು ಬದಲಿಸಿದೆ, ತಿನ್ನಲಿಲ್ಲ. ಬಡಿಸುವವರನ್ನು ಬದಲಿಸಿ ಚಿಕ್ಕಮ್ಮನ ಕೈಯಿಂದ ಬಡಿಸಿದೆ. ಅದು ಚಿಕ್ಕಮ್ಮನ ಬಳೆಯನ್ನು ಕಚ್ಚಿ ನೋಡಿ ಬಿಟ್ಟಿತು. ಕೊನೆಗೆ, ಹಸಿವಿನಿಂದ ಪಕ್ಷಿ ಕೃಶವಾಗುತ್ತಿರಬಹುದೆಂದು ಹೆದರಿ, ತಾತನ ಕಾಲದ ಹಿತ್ತಾಳೆ ತಕ್ಕಡಿಯನ್ನು ಅಟ್ಟದಿಂದ ಇಳಿಸಿ ಅದನ್ನು ತೂಗಿದೆ. ತಟ್ಟೆಯಲ್ಲಿ ಕುಳಿತ ಅಮಲ್ದಾರ ತೂಕದ ಬಟ್ಟುಗಳನ್ನು ಒಂದೊಂದಾಗಿ ಪರಿಶೀಲಿಸಿತು. ಮರುದಿನ ಅದೇ ಹೊತ್ತಿಗೆ, ಅದೇ ತಕ್ಕಡಿಯಲ್ಲಿ ಮತ್ತೆ ತೂಗಿದೆ. ಹಿಂದಿನ ದಿನಕ್ಕಿಂತ ಅದು ಒಂದು ನೆಲ್ಲಿಕಾಯಿಯಷ್ಟು ಭಾರವಾಗಿತ್ತು.

ನಾನು ಅಂಗಳದ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮುಂಬಾಗಿಲಿನಿಂದ ಹೋದವರು ಹಿತ್ತಿಲಿನಿಂದ ಬರುವುದನ್ನು ನಾನು ಹುಟ್ಟಿದಾಗಿನಿಂದ ಒಪ್ಪಿಕೊಂಡಿದ್ದೇನೆ. ಆದರೆ ಏನನ್ನೂ ತಿನ್ನದ ಜೀವಿಯ ತೂಕ ಹೆಚ್ಚುವುದೆಂದರೆ ದ್ರವ್ಯರಾಶಿಯ ಸಂರಕ್ಷಣೆಯ ನಿಯಮಕ್ಕೇ ಭಂಗ. ಅದಕ್ಕೆ ನಾನು ಸಿದ್ಧಳಿರಲಿಲ್ಲ. ಯಾರೋ ತಿನ್ನಿಸುತ್ತಿದ್ದಾರೆ ಎಂಬುದೊಂದೇ ಉಳಿದ ಸಾಧ್ಯತೆ.

ಮಧ್ಯಾಹ್ನ ಊಟವಾದ ಮೇಲೆ ಮನೆಯೆಲ್ಲ ಒಂದು ಗಂಟೆ ಮಲಗುತ್ತದೆ. ತಲೆನೋವೆಂದು ಹೇಳಿ ನಾನು ಅಟ್ಟ ಹತ್ತಿ, ಹಲಗೆಗಳ ಸಂದಿನಿಂದ ಕೆಳಗಿನ ಪಡಸಾಲೆಯನ್ನು ನೋಡುತ್ತ ಬೋರಲು ಮಲಗಿದೆ. ಪಂಜರ ನೇರವಾಗಿ ಕೆಳಗಿತ್ತು.

ಮೊದಲು ಬಂದವಳು ಅಜ್ಜಿ. ಸೆರಗಿನ ಗಂಟಿನಿಂದ ನೆನೆಸಿದ ಕಡಲೆಬೇಳೆ ತೆಗೆದು ಒಂದೊಂದಾಗಿ ಕೊಟ್ಟಳು. "ತಿನ್ನಿ ಅಮಲ್ದಾರ್ರೆ, ಹೊಟ್ಟೆ ತುಂಬ ತಿನ್ನಿ. ನಾಳೆ ಎಲೆ ಮುಂದೆ ಮಾತ್ರ ಬಾಯಿ ತೆಗೀಬೇಡಿ. ಮಳೆ ಬಂದು ಆ ಇಟ್ಟಿಗೆ ಕರಗಿ ಹೋಗಲಿ." ಸುಟ್ಟ ಇಟ್ಟಿಗೆ ಕರಗುವುದಿಲ್ಲವೆಂದು ಮೇಲಿನಿಂದ ಹೇಳುವುದು ಆಗ ಸಾಧ್ಯವಿರಲಿಲ್ಲ.

ಅಜ್ಜಿ ಹೋದ ಸ್ವಲ್ಪ ಹೊತ್ತಿಗೆ ಅಮ್ಮ ಸೀಬೆಹಣ್ಣಿನ ಹೋಳಿನೊಂದಿಗೆ ಬಂದಳು. ಏನನ್ನೂ ಹೇಳದೆ ಕೊಟ್ಟು, ಬೆರಳು ಒರೆಸಿಕೊಂಡು ಹೋದಳು. ಅವಳ ಬೆನ್ನು ಮರೆಯಾಗುವುದನ್ನೇ ಕಾದಿದ್ದವಳಂತೆ ಚಿಕ್ಕಮ್ಮ ಹಸಿಮೆಣಸಿನಕಾಯಿ ತಂದಳು. "ಅಕ್ಕನ ತೋಳು ನೋಯ್ತಿದೆ ಪಾಪ, ಆದ್ರೂ ಇನ್ನೊಂದು ಸ್ವಲ್ಪ ದಿನ ತಡಕೊ ಕಣೋ," ಎಂದು ಅವಳು ಗಿಣಿಗೆ ಪಿಸುಗುಟ್ಟಿದಳು. ಆಮೇಲೆ, ನನ್ನ ಎಣಿಕೆಯಲ್ಲೇ ಇಲ್ಲದ ಮೇಸ್ತ್ರಿ ಕರಿಬಸಪ್ಪ ಕೊಬ್ಬರಿ ಚೂರು ಹಿಡಿದು ಬಂದ. ಇಡೀ ಮನೆಯಲ್ಲಿ ಹೊರಗೆ ಹೋಗಬೇಕೆಂದು ನಿಜವಾಗಿ ಬಯಸುತ್ತಿದ್ದವನು ಅವನೊಬ್ಬನೇ. "ನೀನು ಉಪವಾಸ ಇದ್ದು ಸತ್ತುಗಿತ್ತು ಹೋದ್ರೆ ನಾನು ಇಲ್ಲೇ ಮುದುಕ ಆಗಬೇಕಲ್ಲೋ ಮಾರಾಯ! ಒಂದು ಚೂರು ತಿಂದು ಜೀವ ಹಿಡ್ಕೊ. ನಾಳೆ ಎಲೆ ಮೇಲಿಂದೂ ತಿನ್ನು." ಅಮಲ್ದಾರ ಅವನ ಕೊಬ್ಬರಿಯನ್ನೂ ನಿರಾಕರಿಸಲಿಲ್ಲ.

ಮೇಸ್ತ್ರಿಯ ಹೆಜ್ಜೆ ಸದ್ದು ಅಡಗಿದ ಮೇಲೆ ಅಪ್ಪ ಬಂದರು. ಜೇಬಿನಿಂದ ಕಡಲೆಕಾಯಿ ತೆಗೆದು, ಸಿಪ್ಪೆ ಬಿಡಿಸಿ, ಸಿಪ್ಪೆಯನ್ನು ಪಂಜರದ ಕೆಳಗೆ ಉದುರಿಸುತ್ತ ತಿನ್ನಿಸತೊಡಗಿದರು. ಅಷ್ಟರಲ್ಲಿ ಆಚೆ ಕೋಣೆಯ ಬಾಗಿಲು ಕಿರುಗುಟ್ಟಿತು. ಅಪ್ಪ ಅತ್ತಿತ್ತ ನೋಡಿ ಪಡಸಾಲೆಯ ಮರದ ಕಂಬದ ಹಿಂದೆ ಸರಿದು ನಿಂತರು. ಕಂಬ ಅಪ್ಪನಿಗಿಂತ ಬಹಳ ಸಪೂರವಾಗಿತ್ತು.

ಬಂದವರು ಚಿಕ್ಕಪ್ಪ. ಕೈಯಲ್ಲಿ ಕಲ್ಲುಸಕ್ಕರೆ. ಕಂಬದ ಕಡೆಗೆ ನೋಡದೆ, ಪಂಜರದ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಪರಿಚಯದವರೊಡನೆ ಹರಟೆಗೆ ಕುಳಿತವರಂತೆ ಗಟ್ಟಿಯಾಗಿಯೇ ಮಾತನಾಡಿದರು.

"ಅಣ್ಣ ಹಟಮಾರಿ ಕಣೋ ಅಮಲ್ದಾರ. ಅವನಾಗಿ ಗೋಡೆ ಬೇಡ ಅನ್ನಲ್ಲ. ನಾನಾಗಿ ಬೇಡ ಅಂದ್ರೆ ನಾನು ಸೋತ ಹಾಗೆ. ಈಗ ಉಳಿದಿರೋನು ನೀನೊಬ್ಬ. ಏನಾದ್ರೂ ಮಾಡು."

ಗಿಣಿ ಕಲ್ಲುಸಕ್ಕರೆಯನ್ನು ಕಟಕಟ ಕಡಿಯಿತು. ಚಿಕ್ಕಪ್ಪ ಎದ್ದು, ಪಂಚೆ ಕೊಡವಿ, ಹೋದರು. ಅಪ್ಪ ಮಾತ್ರ ಕಂಬದ ಹಿಂದೆ ಬಹಳ ಹೊತ್ತು ನಿಂತೇ ಇದ್ದರು. ಆಮೇಲೆ ಅವರೂ ಚಿಕ್ಕಪ್ಪನ ಕೋಣೆಯ ಬಾಗಿಲವರೆಗೆ ಹೋದರು. ಇನ್ನೇನು ಬಾಗಿಲು ತಟ್ಟುತ್ತಾರೆ ಎಂದುಕೊಂಡೆ. ಅವರು ತಟ್ಟಲಿಲ್ಲ. ಹಿಂದಿರುಗಿ, ತಮ್ಮ ಮಂಚದ ಮೇಲೆ ಮಲಗಿ, ಗೋಡೆಯ ಕಡೆಗೆ ತಿರುಗಿಕೊಂಡರು.

ಹೀಗೆ ಸಮಸ್ಯೆ ಬಗೆಹರಿದಿತ್ತು. ಅದೇ ನನ್ನ ಕಷ್ಟ. ಎಲ್ಲರಿಗೂ ಗೋಡೆ ಬೇಡ; ಬೇಡವೆಂದು ಹೇಳುವವರು ಯಾರೂ ಇಲ್ಲ; ಪ್ರತಿಯೊಬ್ಬರೂ ತಾವೊಬ್ಬರೇ ಕಳ್ಳರೆಂದು ತಿಳಿದು ಗಿಣಿಯ ಹೊಟ್ಟೆಯನ್ನು ಕೋಟೆಯನ್ನಾಗಿ ಮಾಡಿಕೊಂಡಿದ್ದಾರೆ. ಕಂಡದ್ದನ್ನು ನಾನು ಬಹಿರಂಗಪಡಿಸಿದರೆ ಅಪ್ಪ, ಚಿಕ್ಕಪ್ಪ ಇಬ್ಬರೂ ಅವಮಾನ ತಾಳಲಾರದೆ, ಹಟಕ್ಕೆ ಬಿದ್ದು, ಅಂದೇ ಗೋಡೆ ಎಬ್ಬಿಸುತ್ತಾರೆ. ಸುಮ್ಮನಿದ್ದರೆ ಮೇಸ್ತ್ರಿ ನಮ್ಮ ಮನೆಯಲ್ಲಿ ಮುದುಕನಾಗುತ್ತಾನೆ. ಸಂಜೆ ಕಿಟಕಿಯ ಬಳಿ ಹೊಳಿಯಮ್ಮ ಬೈಯಲಿಲ್ಲ. ಸರಳುಗಳ ನಡುವೆ ಅವನ ಒಗೆದ ಅಂಗಿಯನ್ನು ತೂರಿಸಿ, "ಎಮ್ಮೆ ಕರು ಹಾಕ್ತು," ಎಂದಷ್ಟೇ ಹೇಳಿದಳು. ಅವನು ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು, "ಹೆಣ್ಣಾ ಗಂಡಾ?" ಎಂದು ಕೇಳಿದ. ಆಗ ನಾನು ನಿರ್ಧರಿಸಿದೆ.

"ಇವತ್ತು ರಾತ್ರಿ ಅಮಲ್ದಾರ ನನ್ನ ಕೋಣೇಲಿ ಇರುತ್ತೆ," ಎಂದು ಎಲ್ಲರ ಮುಂದೆ ಹೇಳಿದೆ. "ಬಾಗಿಲಿಗೆ ಚಿಲಕ. ನಾಳೆ ಎಲೆ ಹಾಕೋವರೆಗೆ ಯಾರೂ ಬರಬಾರದು. ಹವೆ ಬದಲಾದರೆ ಹಸಿವು ಬರಬಹುದು."

"ಒಳ್ಳೇದು," ಎಂದರು ಅಪ್ಪ. ಅವರ ಮುಖ ಬೂದಿಯಂತಾಗಿತ್ತು.

"ಬಹಳ ಒಳ್ಳೇದು," ಎಂದರು ಚಿಕ್ಕಪ್ಪ, ಬೇರೆಲ್ಲೋ ನೋಡುತ್ತ.

ಬೆಳಗಾದಾಗಿನಿಂದ ನನ್ನ ಬಾಗಿಲಿಗೆ ಬಿಡುವಿರಲಿಲ್ಲ. ಅಜ್ಜಿಗೆ ನನ್ನ ಕೋಣೆಯಲ್ಲಿ ಎಂದೋ ಇಟ್ಟ ವಿಭೂತಿ ಗಟ್ಟಿ ಬೇಕಾಗಿತ್ತು. ಅಮ್ಮನಿಗೆ ಒಗೆಯುವ ಬಟ್ಟೆ ಬೇಕಾಗಿತ್ತು. ಚಿಕ್ಕಮ್ಮ ನನ್ನ ಜಡೆ ಹೆಣೆಯಲು ಬಂದಿದ್ದಳು. ಬಾಗಿಲ ಸಂದಿನಿಂದ ನೋಡಿದರೆ ಅವಳ ಮುಷ್ಟಿಯಿಂದ ಮೆಣಸಿನಕಾಯಿಯ ತೊಟ್ಟು ಹೊರಗೆ ಕಾಣುತ್ತಿತ್ತು. ನಾನು ಯಾರಿಗೂ ಚಿಲಕ ತೆಗೆಯಲಿಲ್ಲ. ಹೊರಗೆ ಎಲೆ ತೊಳೆಯುವ ಸದ್ದು ಕೇಳಿದಾಗ ಅಮಲ್ದಾರ ಪಂಜರದ ಸರಳಿಗೆ ಕೊಕ್ಕು ತೀಡುತ್ತ ನನ್ನನ್ನೇ ನೋಡಿತು. ಅದಕ್ಕೆ ಹಸಿವಾಗಿತ್ತು, ಅನುಮಾನವೇ ಇರಲಿಲ್ಲ. ಪ್ರಯೋಗ ಯಶಸ್ವಿಯಾಗುವುದರಲ್ಲಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಗಿಣಿ ತಿನ್ನುತ್ತದೆ, ಮೇಸ್ತ್ರಿ ದಾರವನ್ನು ಬಿಗಿಯುತ್ತಾನೆ, ಸಂಜೆಯ ಹೊತ್ತಿಗೆ ಚಿಕ್ಕಮ್ಮ ನನ್ನನ್ನು ಕರೆಯಬೇಕಾದರೆ ಬೀದಿಗೆ ಇಳಿದು, ಸುತ್ತಿ, ನಮ್ಮ ಬಾಗಿಲು ತಟ್ಟಬೇಕು.

ಮೇಜಿನ ಮೇಲೆ ಬಾಳೆಹಣ್ಣಿತ್ತು. ಅದನ್ನು ಸುಲಿದವರು ಯಾರೆಂದು ಕೇಳಿದರೆ ಆ ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ಅರ್ಧ ಹಣ್ಣನ್ನು ಅಮಲ್ದಾರ ಒಂದು ಉಸಿರಿಗೆ ಮುಗಿಸಿತು. ಉಳಿದರ್ಧವನ್ನೂ ಕೊಟ್ಟೆ. ಅದರ ಗಂಟಲ ಚೀಲ ಗೋಲಿಯಂತೆ ಉಬ್ಬಿತು. ಇನ್ನೊಂದು ಕಾಳಿಗೂ ಅಲ್ಲಿ ಜಾಗವಿರಲಿಲ್ಲ.

ಪಂಕ್ತಿ ಕುಳಿತಿತು. ರಾತ್ರಿಯಿಡೀ ಉಪವಾಸವಿದ್ದ ಗಿಣಿ ಇಂದು ತಿಂದೇ ತಿನ್ನುತ್ತದೆಂದು ಎಲ್ಲರೂ ನಂಬಿದ್ದರು. ಹಾಗಲ್ಲವೆಂದು ತಿಳಿದಿದ್ದವಳು ನಾನೊಬ್ಬಳೇ; ನಾನು ತಲೆ ತಗ್ಗಿಸಿ ಮೇಸ್ತ್ರಿಯ ಕಣ್ಣನ್ನು ತಪ್ಪಿಸುತ್ತಿದ್ದೆ. ಅವನು ಒಗೆದ ಅಂಗಿಯನ್ನು ತೊಟ್ಟು, ರಸಮಟ್ಟವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದ. ಅಮ್ಮ ಪಂಜರದ ಬಾಗಿಲು ತೆಗೆದಳು. ಅಮಲ್ದಾರ ಇಳಿದು ಎಲೆಯ ಸುತ್ತ ನಡೆಯತೊಡಗಿತು. ಒಬ್ಬಟ್ಟಿನ ಮುಂದೆ ನಿಂತಿತು. ಕತ್ತು ಬಗ್ಗಿಸಿತು. ಅಜ್ಜಿ ಕಣ್ಣು ಮುಚ್ಚಿಕೊಂಡಳು.

"ಇಂದೂ," ಎಂದರು ಅಪ್ಪ. "ನಿನ್ನ ಚಿಕ್ಕಪ್ಪನಿಗೆ ಹೇಳು, ಗಿಣಿಗೆ ಕಲ್ಲುಸಕ್ಕರೆ ಹಾಕಬಾರದು ಅಂತ. ಕೊಕ್ಕಿಗೆ ಅಂಟುತ್ತೆ."

ಚಿಕ್ಕಮ್ಮನ ಕೈಯಲ್ಲಿದ್ದ ತುಪ್ಪದ ಗಿಂಡಿ ಅಲ್ಲೇ ನಿಂತಿತು. ಚಿಕ್ಕಪ್ಪ ನಿಧಾನವಾಗಿ ತಲೆಯೆತ್ತಿದರು.

"ಇಂದೂ, ನಿಮ್ಮಪ್ಪನಿಗೆ ಹೇಳು, ನಮ್ಮನೆ ಕಂಬಕ್ಕೆ ಹೊಟ್ಟೆ ಬಂದಿದ್ದನ್ನ ನಾನು ನೆನ್ನೆನೇ ಮೊದಲು ನೋಡಿದ್ದು ಅಂತ."

ನಾನು ತಲುಪಿಸಲು ಬಾಯಿ ತೆರೆದೆ. ಅದರ ಅಗತ್ಯ ಬೀಳಲಿಲ್ಲ.

"ನೋಡಿದ್ಯಾ?" ಎಂದು ಅಪ್ಪ ನೇರವಾಗಿ ಚಿಕ್ಕಪ್ಪನ ಕಡೆಗೆ ತಿರುಗಿದರು. "ನೋಡಿಯೂ ಅಷ್ಟು ಗಟ್ಟಿಯಾಗಿ ಮಾತಾಡಿದ್ಯಾ? ನನ್ನನ್ನ ಹಟಮಾರಿ ಅಂದೆ!"

"ಮತ್ತೆ ಯಾರಿಗೆ ಕೇಳಲಿ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ದು? ಗಿಣಿಗೆ ಕಿವಿ ಚೆನ್ನಾಗಿದೆ. ಕೇಳಿಸಿಕೊಂಡು ಹೋಗಿ ಮಲಗಿಕೊಂಡೆಯಲ್ಲ, ಹಟಮಾರಿ ಅನ್ನದೆ ಇನ್ನೇನು ಅನ್ನಲಿ?"

"ನಾನು ಬಾಗಿಲವರೆಗೂ ಬಂದಿದ್ದೆ ಕಣೋ!"

"ಬಾಗಿಲು ಒಳಗಿಂದ ನಾನು ಹಾಕಿರಲಿಲ್ಲ. ತಳ್ಳಬೇಕಿತ್ತು!"

"ಅದನ್ನ ಹೊರಗಿಂದ ಹೇಗೆ ತಿಳ್ಕೊಳ್ಳೋದು? ಮೂರು ವರ್ಷದಿಂದ ಮುಖ ಊದಿಸ್ಕೊಂಡು ಕೂತೋನು ನೀನು!"

"ಕಾಗದ ತುಂಬ ಶಾಯಿ ಬಳಿದು ನನಗೆ ಒಂದು ಖಾಲಿ ಚೌಕಾನೂ ಬಿಡದೆ ಇದ್ದೋನು ನೀನು! ಪೆನ್ಸಿಲಲ್ಲಿ ಬರೆದ್ರೆ ಏನಾಗ್ತಿತ್ತು ಅಣ್ಣ? ಕೈ ಬೀಳ್ತಿತ್ತಾ?"

ಅಣ್ಣ ಎಂಬ ಮಾತು ಹೊರಬಿದ್ದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜಗಳವಾಡುತ್ತಿದ್ದ ಇಬ್ಬರಿಗೂ ಅದು ಕೇಳಿಸಿದಂತೆ ಕಾಣಲಿಲ್ಲ.

"ನೀನು ಮೂರು ವರ್ಷ ಅದೇ ಕಾಗದಾನ ಆಮೇಲೆ ತಗೊಂಡು ಹೋಗಿ ನನ್ನ ತಪ್ಪು ಎಣಿಸ್ತಿದ್ದೆ, ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

"ಎಣಿಸ್ತಿದ್ದೆ. ದಿನಾ ಎಣಿಸ್ತಿದ್ದೆ. ಬೇರೆ ಏನಿತ್ತು ಓದಕ್ಕೆ ನಿಂದು?"

ಅಪ್ಪ ಅನ್ನವನ್ನು ಕಲಸತೊಡಗಿದರು. ಸಾರು ಇನ್ನೂ ಬಡಿಸಿರಲಿಲ್ಲ. ಬರಿಯ ಅನ್ನವನ್ನೇ ಕಲಸುತ್ತಿದ್ದರು. ಅದೇ ಕ್ಷಣದಲ್ಲಿ ಅಮಲ್ದಾರ ಒಬ್ಬಟ್ಟನ್ನು ಬಿಟ್ಟು ಕೋಸಂಬರಿಯ ಬಳಿಗೆ ಹೋಯಿತು. ಒಂದು ಹೆಸರುಬೇಳೆಯನ್ನು ಎತ್ತಿ, ಎಲ್ಲರಿಗೂ ಕಾಣುವಂತೆ ತಲೆಯನ್ನು ಹಿಂದಕ್ಕೆ ವಾಲಿಸಿ, ನುಂಗಿತು.

ಅದಕ್ಕೆ ಹಸಿವಿರಲಿಲ್ಲ. ಇಡೀ ಬಾಳೆಹಣ್ಣು ಅದರ ಗಂಟಲಲ್ಲೇ ಇದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ಒಂದೇ ಒಂದು ವೀಕ್ಷಣೆಯಿಂದ ನಿಯಮವನ್ನು ರೂಪಿಸುವುದು ತಪ್ಪು. ಆದ್ದರಿಂದ ಈ ಕುರಿತು ನಾನು ಇಂದಿಗೂ ಏನನ್ನೂ ಹೇಳುವುದಿಲ್ಲ.

"ತಿಂತು!" ಎಂದು ಚೀರಿದವನು ಮೇಸ್ತ್ರಿ. ಒಬ್ಬರೂ ಅವನತ್ತ ತಿರುಗಲಿಲ್ಲ. ಅಪ್ಪ, ಚಿಕ್ಕಪ್ಪ ಅಷ್ಟರಲ್ಲಿ ಮತ್ತೆ ಯಾವುದೋ ಹಳೆಯ ಪದಬಂಧದ ಎಡದಿಂದ ಬಲಕ್ಕೆ ಹೋಗುವ ಒಂದು ಉತ್ತರದ ಬಗ್ಗೆ ಎಂಜಲು ಕೈಗಳನ್ನು ಬೀಸುತ್ತ ವಾದಿಸುತ್ತಿದ್ದರು. ಮೇಸ್ತ್ರಿ ಎಲೆಯನ್ನು ದಾಟಿ, ರಸಮಟ್ಟವನ್ನು ಕಂಕುಳಿಗೆ ಏರಿಸಿ, ಮುಂಬಾಗಿಲಿನಿಂದ ಓಡಿದ. ಅಮ್ಮ ಅಭ್ಯಾಸಬಲದಿಂದ ಹಿತ್ತಿಲ ಬಾಗಿಲ ಕಡೆ ನೋಡಿದಳು. ಕರಿಬೇವಿನ ಗಿಡ ಅಲುಗಲಿಲ್ಲ. ಯಾರೂ ಬರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಬೀದಿಯ ಕಿಟಕಿಯಲ್ಲಿ ಅವನ ಮುಖ ಕಾಣಿಸಿತು. ಓಡಿಹೋಗುವ ಆಸೆಗಿಂತ ಕೆಲಸದ ಮೇಲಿನ ನಿಷ್ಠೆ ಅವನಲ್ಲಿ ಒಂದು ಗುಲಗಂಜಿಯಷ್ಟು ಹೆಚ್ಚಿತ್ತೆಂದು ತೋರುತ್ತದೆ. ಒಳಗೆ ಬರುವ ಸಾಹಸ ಮಾಡದೆ, ಹೊರಗಿನಿಂದಲೇ ಕೇಳಿದ:

"ಯಜಮಾನ್ರೆ, ಗೋಡೆ ವಿಚಾರ ಏನಾಯ್ತು? ದಾರ ಎಳೆದಿದ್ದು ಹಾಗೇ ಇದೆ. ನಾಳೆ ಬರಲಾ?"

"ಯಾಕಯ್ಯ ಗೋಡೆ?" ಎಂದು ಚಿಕ್ಕಪ್ಪ ಗದರಿದರು. "ಗೋಡೆ ಎದ್ದರೆ ಇವನ ತಪ್ಪನ್ನೆಲ್ಲ ನಾನು ಯಾರ ಮುಂದೆ ಹೇಳಲಿ? ಗೋಡೆ ಮುಂದೆಯಾ?"

"ಹೇಳು, ಹೇಳು! ಒಂದಾದ್ರೂ ತಪ್ಪು ತೋರಿಸು ನೋಡೋಣ!" ಎಂದರು ಅಪ್ಪ.

"ಇಟ್ಟಿಗೆ ಹೊತ್ಕೊಂಡು ಹೋಗಿ ಎಮ್ಮೆಗೊಂದು ಕೊಟ್ಟಿಗೆ ಕಟ್ಟಿಕೊ ಕರಿಬಸಪ್ಪ," ಎಂದು ಅಜ್ಜಿ ಕುಳಿತಲ್ಲಿಂದಲೇ ಹೇಳಿದಳು. "ಕರು ಬೇರೆ ಹಾಕಿದೆ."

ಮೇಸ್ತ್ರಿಯ ಮುಖ ಕಿಟಕಿಯಿಂದ ಮಾಯವಾಯಿತು. ಬಾಗಿಲು ತೆರೆದಿತ್ತು, ಯಾರು ಬೇಕಾದರೂ ಎದ್ದು ಹೋಗಬಹುದಾಗಿತ್ತು. ಯಾರೂ ಏಳಲಿಲ್ಲ. ಚಿಕ್ಕಮ್ಮ ನನ್ನ ಪಕ್ಕಕ್ಕೆ ಬಂದು ಕುಳಿತು, ಹೆಣೆಯದೆ ಬಿಟ್ಟಿದ್ದ ನನ್ನ ಕೂದಲನ್ನು ಮೂರು ಪಾಲು ಮಾಡತೊಡಗಿದಳು. ವಾದ ಪದಬಂಧದಿಂದ ಶಾಯಿಗೆ, ಶಾಯಿಯಿಂದ ತಾತ ಯಾರಿಗೆ ಮೊದಲು ಪೆನ್ನು ಕೊಡಿಸಿದರೆಂಬಲ್ಲಿಗೆ, ಅಲ್ಲಿಂದ ಇಬ್ಬರೂ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಹಿಂದೆ ಸರಿಯಿತು. ಅನ್ನ ಎಂದೋ ಆರಿಹೋಗಿತ್ತು. ಇಬ್ಬರ ಕೈಯಲ್ಲೂ ತುತ್ತು ಒಣಗಿ ಬೆರಳಿಗೆ ಅಂಟಿಕೊಂಡಿತ್ತು.

"ಕೈ ತೊಳ್ಕೊಂಡು ಬನ್ರೋ," ಎಂದಳು ಅಜ್ಜಿ. "ಜಗಳ ಎಲ್ಲೂ ಹೋಗಲ್ಲ. ಇಲ್ಲೇ ಇರುತ್ತೆ."